ಮೊದಲ ರೋಡ್ ಸೈಕಲ್: ಕೊಳ್ಳುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿನಲ್ಲಿ ಹನ್ನೊಂದು ವರ್ಷದಿಂದ ರೋಡ್ ಸೈಕಲ್ ತುಳಿಯುತ್ತಿದ್ದೇನೆ. ಭಾನುವಾರ ಬೆಳಿಗ್ಗೆ ಚಾಮುಂಡಿ ಬೆಟ್ಟ ಇಳಿದು ಟೀ ಕುಡಿಯಲು ನಿಂತರೆ ಯಾರಾದರೂ ಒಬ್ಬರು ಬಂದು ಮಾತಾಡಿಸುತ್ತಾರೆ. ಫೋನಿನಲ್ಲಿ ಕೇಳುವವರಿದ್ದಾರೆ, ಪತ್ರ ಬರೆದು ಕೇಳಿದವರೂ ಇದ್ದಾರೆ. 30 ಸಾವಿರದಿಂದ 75 ಸಾವಿರ ರೂಪಾಯಿ ಒಳಗೆ ಮೊದಲ ಸೈಕಲ್ ಹುಡುಕುವವರು ಕೇಳಿದ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ.

## ಶುರು ಮಾಡುವವರಿಗೆ

ರೋಡ್ ಬೈಕ್ ಅಂದ್ರೆ ಏನು ಸರ್? ಗೇರ್ ಸೈಕಲ್‌ಗೂ ಇದಕ್ಕೂ ಏನು ವ್ಯತ್ಯಾಸ?

ಮೊದಲು ಹೆಸರು. ನಮ್ಮಲ್ಲಿ ಬೈಕ್ ಎಂದರೆ ಮೋಟರ್ ಬೈಕ್. ಹಾಗಾಗಿ ನಾನು ರೋಡ್ ಸೈಕಲ್ ಎಂದೇ ಹೇಳುತ್ತೇನೆ. ಟಾರು ರಸ್ತೆಯಲ್ಲಿ ದೂರ ಹೋಗಲೆಂದೇ ಮಾಡಿದ ಸೈಕಲ್ ಇದು. ಹ್ಯಾಂಡಲ್ ಟಗರಿನ ಕೊಂಬಿನ ಹಾಗೆ ಕೆಳಕ್ಕೆ ಬಾಗಿರುತ್ತದೆ. ಟಯರ್ ಕಿರಿದು, ಶಾಕ್ ಅಬ್ಸಾರ್ಬರ್ ಇರುವುದಿಲ್ಲ. ಈ ಬೆಲೆಯ ಸೈಕಲ್‌ಗಳ ತೂಕ ಸುಮಾರು 10 ಕೆಜಿ. ಮೈ ಸ್ವಲ್ಪ ಮುಂದಕ್ಕೆ ಬಾಗುವುದರಿಂದ ಎದುರು ಗಾಳಿ ಕಡಿಮೆ ತಾಗುತ್ತದೆ. ಕೈ ಇಡಲು ಮೂರು ಜಾಗ ಸಿಗುತ್ತದೆ: ಮೇಲೆ, ಬ್ರೇಕ್ ಹಿಡಿಯ ಮೇಲೆ, ಕೆಳಗಿನ ಬಾಗಿನಲ್ಲಿ. ಮೂರು ಗಂಟೆ ತುಳಿದ ಮೇಲೆ ಇದರ ಬೆಲೆ ಗೊತ್ತಾಗುತ್ತದೆ.

ವಾರವೆಲ್ಲ ಆಫೀಸಿಗೆ, ಭಾನುವಾರ ನಂದಿ ಬೆಟ್ಟಕ್ಕೆ. ಹೈಬ್ರಿಡ್ ತಗೊಳ್ಳಲಾ, ರೋಡ್ ಬೈಕಾ?

ಆಫೀಸು ಎಷ್ಟು ದೂರ ಎಂದು ನಾನು ಮೊದಲು ಕೇಳುತ್ತೇನೆ. ಐದಾರು ಕಿಲೋಮೀಟರ್ ಸಿಗ್ನಲ್ಲು, ಹಂಪುಗಳ ನಡುವೆ ಹೋಗುವುದೇ ಜಾಸ್ತಿ ಎಂದಾದರೆ ನೇರ ಹ್ಯಾಂಡಲಿನ ಹೈಬ್ರಿಡ್ ಸಾಕು. ನೆಟ್ಟಗೆ ಕೂತು ಸುತ್ತಮುತ್ತ ನೋಡಬಹುದು. ಆದರೆ ಒಂದೇ ಸಲಕ್ಕೆ 40 ಕಿಲೋಮೀಟರ್ ದಾಟುವ ಆಸೆ ಇದ್ದರೆ ರೋಡ್ ಸೈಕಲ್ಲನ್ನೇ ತೆಗೆದುಕೊಳ್ಳಿ. ಹೈಬ್ರಿಡ್ ಕೊಂಡು ಆರು ತಿಂಗಳಿಗೆ ಮಾರಿದ ಕನಿಷ್ಠ ಹತ್ತು ಜನರನ್ನು ನಾನೇ ನೋಡಿದ್ದೇನೆ. ಬೆಂಗಳೂರಿನಿಂದ ನಂದಿಗೆ ಹೋಗಿಬರುವುದೇ ನೂರು ಕಿಲೋಮೀಟರ್ ಮೀರುತ್ತದೆ. ಅಷ್ಟು ದೂರ ನೇರ ಹ್ಯಾಂಡಲ್ ಹಿಡಿದರೆ ಅಂಗೈ ಉರಿಯುತ್ತದೆ.

ಎರಡೂ ಕೆಲಸಕ್ಕೆ ಒಂದೇ ಬೇಕು ಎನ್ನುವವರು ಕ್ಯಾರಿಯರ್, ಮಡ್‌ಗಾರ್ಡ್ ಕೂರಿಸಲು ಫ್ರೇಮಿನಲ್ಲಿ ಸ್ಕ್ರೂ ತೂತುಗಳಿವೆಯೇ ನೋಡಿ. ಅಂಥ ರೋಡ್ ಸೈಕಲ್‌ಗಳು ಈ ಬೆಲೆಯಲ್ಲೇ ಸಿಗುತ್ತವೆ.

ನಮ್ಮ ರೋಡಲ್ಲಿ ಅಷ್ಟು ತೆಳ್ಳನೆ ಟಯರ್ ನಡೆಯುತ್ತಾ? ಗುಂಡಿಗೆ ಬಿದ್ರೆ ರಿಮ್ಮೇ ಹೋಗಲ್ವಾ?

ನಡೆಯುತ್ತದೆ. ವಿಜಯಪುರ, ಬಾಗಲಕೋಟೆ ಕಡೆಯ ಹುಡುಗ ಹುಡುಗಿಯರು ದಶಕಗಳಿಂದ ಇಂಥ ಟಯರಿನ ಮೇಲೆ, ಅಲ್ಲಿನ ರಸ್ತೆಗಳಲ್ಲೇ ಅಭ್ಯಾಸ ಮಾಡಿ ರಾಷ್ಟ್ರಮಟ್ಟದ ಪದಕ ತಂದಿದ್ದಾರೆ. ಆದರೆ ಹೊಸಬರು ಟಯರಿನ ಅಗಲ ನೋಡದೆ ಸೈಕಲ್ ಕೊಳ್ಳಬಾರದು. ಇದು ನನ್ನ ಗಟ್ಟಿ ಅಭಿಪ್ರಾಯ.

ಮೊದಲೆಲ್ಲ 23 ಮಿಲಿಮೀಟರ್ ಟಯರಿಗೆ ಕಲ್ಲಿನ ಹಾಗೆ ಗಾಳಿ ತುಂಬುತ್ತಿದ್ದರು. ಗಟ್ಟಿ ಇದ್ದಷ್ಟೂ ವೇಗ ಎಂಬ ನಂಬಿಕೆ. ನಯವಾದ ರಸ್ತೆಯಲ್ಲಿ ಅದು ಸ್ವಲ್ಪ ನಿಜ. ಒರಟು ರಸ್ತೆಯಲ್ಲಿ ಗಟ್ಟಿ ಟಯರ್ ಪ್ರತಿ ಜಲ್ಲಿಗೂ ಪುಟಿಯುತ್ತದೆ. ಮುಂದೆ ಹೋಗಬೇಕಾದ ಶಕ್ತಿ ಮೇಲೆ ಕೆಳಗೆ ಕುಣಿಯುವುದರಲ್ಲಿ ಹೋಗುತ್ತದೆ. ಈಗ ರೇಸಿನವರೂ 28ಕ್ಕೆ ಬಂದಿದ್ದಾರೆ. ನಮ್ಮ ರಸ್ತೆಗೆ 28 ಇರಲಿ, 32 ಆದರೆ ಇನ್ನೂ ಒಳ್ಳೆಯದು. ಸೈಕಲ್ಲಿನ ಜೊತೆ 25 ಬಂದಿದ್ದರೂ ಪರವಾಗಿಲ್ಲ. ಆಮೇಲೆ 28 ಹಾಕಲು ಫೋರ್ಕಿನಲ್ಲೂ (ಮುಂದಿನ ಚಕ್ರವನ್ನು ಹಿಡಿಯುವ ಕವೆ) ಬ್ರೇಕಿನಲ್ಲೂ ಟಯರಿಗೆ ಜಾಗ ಇದೆಯಾ ಎಂದು ಅಂಗಡಿಯಲ್ಲೇ ಕೇಳಿ, ಬಗ್ಗಿ ಕಣ್ಣಾರೆ ನೋಡಿ.

ರಿಮ್ ಬಡಿಸಿಕೊಳ್ಳುವುದು ಹೆಚ್ಚಾಗಿ ಗಾಳಿ ಕಡಿಮೆ ಇದ್ದಾಗ. ಗುಂಡಿಯ ಅಂಚು ಟಯರನ್ನು ಒತ್ತಿ ಟ್ಯೂಬನ್ನು ರಿಮ್ಮಿಗೆ ಅಪ್ಪಳಿಸುತ್ತದೆ. ಟ್ಯೂಬಿನಲ್ಲಿ ಹಾವು ಕಚ್ಚಿದ ಹಾಗೆ ಎರಡು ತೂತು ಬೀಳುತ್ತವೆ. 70 ಕೆಜಿ ತೂಕದವರು 28ರ ಟಯರಿಗೆ ಮುಂದೆ 65, ಹಿಂದೆ 70ರಿಂದ 75 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಇಟ್ಟು ಶುರು ಮಾಡಿ, ಆಮೇಲೆ ನಿಮ್ಮ ರಸ್ತೆ ನೋಡಿ ಹೊಂದಿಸಿಕೊಳ್ಳಿ. ಕಿರಿದಾದ ಟಯರಿನಲ್ಲಿ ಗಾಳಿ ಬೇಗ ಇಳಿಯುತ್ತದೆ, ವಾರಕ್ಕೊಮ್ಮೆಯಾದರೂ ಹೊಡೆಯಲೇಬೇಕು. ಹಂಪು, ಗುಂಡಿ ಬಂದಾಗ ಸೀಟಿನಿಂದ ಸ್ವಲ್ಪ ಎದ್ದು ಮೊಣಕೈ ಸಡಿಲ ಬಿಡಿ. ಮೂಟೆಯ ಹಾಗೆ ಕೂತರೆ ಪೆಟ್ಟೆಲ್ಲ ಹಿಂದಿನ ಚಕ್ರಕ್ಕೆ.

ಬಳ್ಳಾರಿ, ರಾಯಚೂರು, ಕಲಬುರಗಿ ಕಡೆಯವರ ತೊಂದರೆ ಗುಂಡಿಗಿಂತ ಮುಳ್ಳು. ಬಳ್ಳಾರಿ ಜಾಲಿ, ನೆಗ್ಗಿಲು ಮುಳ್ಳು ಎರಡೂ ಟಯರಿಗೆ ಶತ್ರು. ಒಳಗೆ ಪಂಕ್ಚರ್ ತಡೆಯುವ ಪಟ್ಟಿ ಇರುವ ಟಯರ್ ಹಾಕಿಸಿ. ಟ್ಯೂಬ್ ಬದಲಿಸುವಾಗ ಟಯರಿನ ಒಳಗೆ ಸುತ್ತಲೂ ಬೆರಳಾಡಿಸಿ. ಮುರಿದ ಮುಳ್ಳಿನ ತುದಿ ಅಲ್ಲೇ ಉಳಿದಿದ್ದರೆ ಹೊಸ ಟ್ಯೂಬೂ ಹತ್ತು ನಿಮಿಷಕ್ಕೆ ಹೋಗುತ್ತದೆ.

ಒಟ್ಟು ಎಷ್ಟು ದುಡ್ಡು ಇಟ್ಕೊಳ್ಳಬೇಕು?

ಸುಮಾರು ಲೆಕ್ಕ ಹೇಳುತ್ತೇನೆ. 25ರಿಂದ 35 ಸಾವಿರಕ್ಕೆ ಹಿಂದಿನ ಚಕ್ರದಲ್ಲಿ 7 ಅಥವಾ 8 ಗೇರಿನ, ಸರಳವಾದ ರೋಡ್ ಸೈಕಲ್ ಬರುತ್ತದೆ. 45ರಿಂದ 75 ಸಾವಿರದಲ್ಲಿ ಒಳ್ಳೆಯ ಅಲಾಯ್ (ಅಲ್ಯುಮಿನಿಯಂ) ಫ್ರೇಮು, ಹೆಚ್ಚಿನವುಗಳಲ್ಲಿ ಕಾರ್ಬನ್ ಫೋರ್ಕು, 8 ಅಥವಾ 9 ಗೇರು. ಅದಕ್ಕೂ ಮೇಲೆ ಹೋದರೆ ತೂಕ ಸ್ವಲ್ಪ ಇಳಿಯುತ್ತದೆ, ಗೇರು ಇನ್ನಷ್ಟು ನಯ. ಮೊದಲ ಸೈಕಲ್ಲಿಗೆ ಅದು ಅಗತ್ಯವಿಲ್ಲ. ಇಷ್ಟೇ ಖರ್ಚು ಮಾಡಬೇಕು ಎಂದು ನನ್ನನ್ನು ಒತ್ತಾಯಿಸಿ ಕೇಳಿದರೆ 50 ಸಾವಿರದ ಆಸುಪಾಸು ಎನ್ನುತ್ತೇನೆ.

2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮತ್ತು ಬಿಡಿಭಾಗಗಳ ಜಿಎಸ್‌ಟಿ ಶೇ. 12ರಿಂದ ಶೇ. 5ಕ್ಕೆ ಇಳಿದಿದೆ. ಬಿಲ್ಲಿನಲ್ಲಿ ಅದು ಸರಿಯಾಗಿ ಬಂದಿದೆಯಾ ನೋಡಿ.

ಇಟ್ಟುಕೊಂಡ ದುಡ್ಡಿನ ಐದನೇ ಒಂದು ಪಾಲು ಸೈಕಲ್ಲಿಗೆ ಹಾಕಬೇಡಿ. 50 ಸಾವಿರ ಇದ್ದರೆ ಸೈಕಲ್ಲಿಗೆ 40. ಉಳಿದ 10ರಲ್ಲಿ ಹೆಲ್ಮೆಟ್, ಮುಂದೆ ಹಿಂದೆ ಲೈಟು, ಮೀಟರ್ ಇರುವ ನೆಲದ ಪಂಪು, ಎರಡು ಟ್ಯೂಬು, ಟಯರ್ ಬಿಚ್ಚುವ ಲಿವರ್, ಚಿಕ್ಕ ಟೂಲ್ ಸೆಟ್ಟು, ಬಾಟಲಿ, ಪ್ಯಾಡ್ ಇರುವ ಚಡ್ಡಿ. ಸೈಕಲ್ಲಿಗೇ ಎಲ್ಲ ಸುರಿದು ಬರಿದಲೆಯಲ್ಲಿ ಹೆದ್ದಾರಿಗೆ ಇಳಿಯುವವರನ್ನು ನೋಡಿದರೆ ನನಗೆ ಸಂಕಟವಾಗುತ್ತದೆ.

ಸೈಕಲ್‌ಗೆ ಇಷ್ಟು ದುಡ್ಡಾ, ಇನ್ನು ಸ್ವಲ್ಪ ಹಾಕಿದ್ರೆ ಸ್ಕೂಟರೇ ಬರುತ್ತಲ್ಲ ಅಂತಾರೆ ಮನೇಲಿ. ಏನು ಹೇಳಲಿ?

ಅವರು ಕೇಳುವುದು ಸರಿಯಾಗಿಯೇ ಇದೆ. ಮೂರು ತಿಂಗಳು ಯಾರದಾದರೂ ಸೈಕಲ್ ಕೇಳಿ ಪಡೆದು, ಇಲ್ಲವೇ ಮನೆಯ ಹಳೇ ಸೈಕಲ್ಲನ್ನೇ ತುಳಿದು ತೋರಿಸಿ. ವಾರಕ್ಕೆ ಮೂರು ದಿನ ಐದೂವರೆಗೆ ಎದ್ದು ಹೊರಟರೆ ಆಮೇಲೆ ಯಾರೂ ಬೇಡ ಅನ್ನುವುದಿಲ್ಲ. ನಮ್ಮ ಮನೆಯಲ್ಲಿ ಆಗಿದ್ದೂ ಹಾಗೆಯೇ. ಮೊದಲು ಬೇಡ ಎಂದ ಅಪ್ಪನೇ ಕೊನೆಗೆ ಅಂಗಡಿಗೆ ಜೊತೆಗೆ ಬಂದರು.

## ಅಳತೆಯ ಮಾತು

ನನ್ನ ಎತ್ತರ 5 ಅಡಿ 6 ಇಂಚು. ಯಾವ ಸೈಜ್ ಸರಿ?

ಈ ಪುಟದಲ್ಲಿ ಒಂದೇ ಉತ್ತರ ಓದುವಷ್ಟು ಸಮಯ ಇದ್ದರೆ ಇದನ್ನೇ ಓದಿ.

ನನ್ನ ಮೊದಲ ಸೈಕಲ್ ನನಗಿಂತ ಒಂದು ಸೈಜು ದೊಡ್ಡದಿತ್ತು. ಅಂಗಡಿಯಲ್ಲಿ ಅದೊಂದೇ ಉಳಿದಿತ್ತು. "ಸೀಟು ಇಳಿಸಿದರೆ ಆಯ್ತು" ಎಂದರು, ನಂಬಿದೆ. ಸೀಟು ಇಳಿಯಿತು, ಆದರೆ ಹ್ಯಾಂಡಲ್ ದೂರವೇ ಉಳಿಯಿತು. ಇಪ್ಪತ್ತು ಕಿಲೋಮೀಟರ್ ಆಗುವಷ್ಟರಲ್ಲಿ ಕತ್ತು ಹಿಡಿಯುತ್ತಿತ್ತು, ಕಿರುಬೆರಳು ಜೋಮು. ನನ್ನ ಮೈಯೇ ಇದಕ್ಕೆ ಲಾಯಕ್ಕಿಲ್ಲ ಎಂದುಕೊಂಡೆ. ಎಂಟು ತಿಂಗಳಿಗೆ ನಷ್ಟದಲ್ಲಿ ಮಾರಿ, ಸರಿಯಾದ ಸೈಜಿನ ಹಳೆಯ ಸೈಕಲ್ ತಂದೆ. ನೋವು ಎರಡೇ ವಾರದಲ್ಲಿ ಹೋಯಿತು. ಅದಕ್ಕೇ ಹೇಳುವುದು, ಸೈಜು ತಪ್ಪಿದರೆ ಎಷ್ಟು ರಿಯಾಯಿತಿ ಕೊಟ್ಟರೂ ಬೇಡ.

5 ಅಡಿ 6 ಇಂಚಿನವರಿಗೆ ಸಾಮಾನ್ಯವಾಗಿ 52 ಅಥವಾ 54ರ ಫ್ರೇಮು (ಅಳತೆ ಸೆಂಟಿಮೀಟರಿನಲ್ಲಿ) ಹೊಂದುತ್ತದೆ. 5 ಅಡಿ 2ರ ಆಸುಪಾಸಿನವರಿಗೆ 48ರಿಂದ 50, 5 ಅಡಿ 10 ಇದ್ದವರಿಗೆ 56. ಆದರೆ ಒಂದು ಕಂಪನಿಯ 54 ಇನ್ನೊಂದರ 52ರಷ್ಟೇ ಇರಬಹುದು. ಎತ್ತರ ಒಂದೇ ಇರುವ ಇಬ್ಬರಲ್ಲಿ ಒಬ್ಬರಿಗೆ ಕಾಲು ಉದ್ದ, ಇನ್ನೊಬ್ಬರಿಗೆ ಮುಂಡ ಉದ್ದ. ಹಾಗಾಗಿ ಆ ಕಂಪನಿಯ ಪಟ್ಟಿಯಲ್ಲಿ ಎರಡು ಅಂಕಿ ಹುಡುಕಿ: ರೀಚ್ ಮತ್ತು ಸ್ಟ್ಯಾಕ್. ಎರಡೂ ಪೆಡಲ್ ತೋಳುಗಳು (ಕ್ರ್ಯಾಂಕ್) ತಿರುಗುವ, ಫ್ರೇಮಿನ ತಳದ ಅಚ್ಚಿನಿಂದ ಹ್ಯಾಂಡಲಿನ ಕಡೆಗೆ ಫ್ರೇಮು ಎಷ್ಟು ಮುಂದಕ್ಕಿದೆ ಎಂಬುದು ರೀಚ್. ಎಷ್ಟು ಎತ್ತರಕ್ಕಿದೆ ಎಂಬುದು ಸ್ಟ್ಯಾಕ್. ಹೊಸಬರಿಗೆ ಸ್ಟ್ಯಾಕ್ ಜಾಸ್ತಿ, ರೀಚ್ ಕಡಿಮೆ ಇರುವುದು ಸುಖ. ಕಂಪನಿಗಳು ಇಂಥದ್ದನ್ನು ಎಂಡ್ಯೂರೆನ್ಸ್ ಎಂದು ಕರೆಯುತ್ತವೆ.

ಎರಡು ಸೈಜಿನ ನಡುವೆ ತೂಗಾಡುತ್ತಿದ್ದರೆ ಚಿಕ್ಕದನ್ನು ಆರಿಸಿ. ಚಿಕ್ಕದನ್ನು ಸ್ಟೆಮ್ (ಹ್ಯಾಂಡಲನ್ನು ಫ್ರೇಮಿಗೆ ಸೇರಿಸುವ ತುಂಡು) ಬದಲಿಸಿ ಉದ್ದ ಮಾಡಿಕೊಳ್ಳಬಹುದು. ದೊಡ್ಡದನ್ನು ಕಿರಿದು ಮಾಡುವುದು ಕಷ್ಟ.

ಸೀಟಲ್ಲಿ ಕೂತ್ರೆ ಕಾಲು ನೆಲಕ್ಕೆ ತಾಗಲ್ಲ. ಭಯ ಆಗುತ್ತೆ. ಇಳಿಸಬಹುದಾ?

ತಾಗಬಾರದು. ನಿಲ್ಲಿಸುವಾಗ ಸೀಟಿನಿಂದ ಮುಂದಕ್ಕೆ ಜಾರಿ, ಒಂದು ಕಾಲು ನೆಲಕ್ಕೆ ಇಡುವುದು ಅಭ್ಯಾಸ ಮಾಡಿ. ಖಾಲಿ ಮೈದಾನದಲ್ಲಿ ಅರ್ಧ ಗಂಟೆ ಸಾಕು.

ಎತ್ತರ ಹೊಂದಿಸಲು ಮನೆಯ ಲೆಕ್ಕ ಹೀಗೆ. ಗೋಡೆಗೆ ಒರಗಿ ಬರಿಗಾಲಲ್ಲಿ ನಿಂತು, ಒಂದು ದಪ್ಪ ಪುಸ್ತಕವನ್ನು ತೊಡೆಸಂದಿಗೆ ಗಟ್ಟಿಯಾಗಿ ಒತ್ತಿ, ನೆಲದಿಂದ ಅಲ್ಲಿಗೆ ಅಳೆಯಿರಿ. ಅದನ್ನು 0.883ರಿಂದ ಗುಣಿಸಿ. 80 ಸೆಂಟಿಮೀಟರ್ ಬಂದರೆ 70.6. ಕ್ರ್ಯಾಂಕ್ ತಿರುಗುವ ಅಚ್ಚಿನ ನಡುವಿನಿಂದ ಸೀಟಿನ ಮೇಲ್ಭಾಗಕ್ಕೆ ಅಷ್ಟು ಇರಲಿ. ಇದು ಆರಂಭದ ಅಳತೆ ಅಷ್ಟೇ. ಮಂಡಿಯ ಮುಂದೆ ನೋವು ಬಂದರೆ ಸೀಟು ತಗ್ಗಾಗಿರಬಹುದು, ಮಂಡಿಯ ಹಿಂದೆ ಎಳೆದರೆ ಎತ್ತರವಾಗಿರಬಹುದು. ಒಂದು ಸಲಕ್ಕೆ ಮೂರು ನಾಲ್ಕು ಮಿಲಿಮೀಟರ್ ಮಾತ್ರ ಬದಲಿಸಿ.

ನಾನು 5 ಅಡಿ ಎತ್ತರದ ಹೆಂಗಸು. ಅಂಗಡಿಯವ್ರು ಲೇಡೀಸ್ ಸೈಕಲ್ ತೋರಿಸ್ತಾರೆ. ನಂಗೆ ರೋಡ್ ಬೈಕ್ ಇಲ್ವಾ ಅಣ್ಣ?

ಇದೆ ತಂಗಿ, ಖಂಡಿತ ಇದೆ. ಬುಟ್ಟಿ ಇರುವ ಸೈಕಲ್ ತೋರಿಸಿ ಕಳಿಸುವವರ ಅಂಗಡಿಯಿಂದ ಸುಮ್ನೆ ಹೊರಗೆ ಬನ್ನಿ. 44ರಿಂದ 48ರ ಫ್ರೇಮನ್ನು ಕೇಳಿ. ಸ್ಟಾಕಿನಲ್ಲಿ ಇರುವುದು ಕಡಿಮೆ, ತರಿಸಿಕೊಡಲು ಹೇಳಿ, ಕಾಯಿರಿ. ಮೂರು ಬದಲಾವಣೆ ಮಾಡಿಸಿದರೆ ಬಹಳ ವ್ಯತ್ಯಾಸ ಗೊತ್ತಾಗುತ್ತದೆ. ಭುಜದ ಅಗಲಕ್ಕೆ ತಕ್ಕ ಕಿರಿದಾದ ಹ್ಯಾಂಡಲ್, 38 ಸೆಂಟಿಮೀಟರ್ ಆಸುಪಾಸು. ಬೆರಳಿಗೆ ಸಿಗುವ ಹಾಗೆ ಬ್ರೇಕ್ ಹಿಡಿ ಹತ್ತಿರಕ್ಕೆ ತರುವುದು. ಹೆಚ್ಚಿನ ಹಿಡಿಗಳಲ್ಲಿ ಇದಕ್ಕೇ ಒಂದು ಸ್ಕ್ರೂ ಇರುತ್ತದೆ, ಖರ್ಚಿಲ್ಲ. ಮೂರನೆಯದು, ಕೂರುವ ಮೂಳೆಯ ಅಗಲಕ್ಕೆ ಹೊಂದುವ ಸೀಟು.

ನನ್ನ ತೂಕ 98 ಕೆಜಿ. ಸೈಕಲ್ ತಡೆಯುತ್ತಾ?

ತಡೆಯುತ್ತದೆ. ಕೈಪಿಡಿಯಲ್ಲಿ ತೂಕದ ಮಿತಿ ಬರೆದಿರುತ್ತಾರೆ, ಅದನ್ನು ಓದಿ. ಚಕ್ರಕ್ಕೆ 28 ಅಥವಾ 32 ಕಡ್ಡಿ ಇರಲಿ, 20 ಕಡ್ಡಿಯ ಚಂದದ ಚಕ್ರ ಬೇಡ. ಟಯರ್ 32. ಮೊದಲ 200 ಕಿಲೋಮೀಟರ್ ಆದ ಮೇಲೆ ಕಡ್ಡಿ ಬಿಗಿ ಮಾಡಿಸಿ, ಬೆಂಡು ತೆಗೆಸಿ.

## ಸಾಮಾನಿನ ಮಾತು

ಅಲಾಯ್, ಸ್ಟೀಲ್, ಕಾರ್ಬನ್, ಯಾವುದು ಒಳ್ಳೆಯದು?

ಈ ಬೆಲೆಯಲ್ಲಿ ಅಲಾಯ್ ಫ್ರೇಮು, ಕಾರ್ಬನ್ ಫೋರ್ಕು. ಫೋರ್ಕು ಕಾರ್ಬನ್ ಆದರೆ ಅಂಗೈಗೆ ಬರುವ ನಡುಕ ಸ್ವಲ್ಪ ತಗ್ಗುತ್ತದೆ. ಮಂಗಳೂರು, ಉಡುಪಿ, ಕಾರವಾರದ ಉಪ್ಪು ಗಾಳಿಗೆ ಸ್ಟೀಲು ತುಕ್ಕು ಹಿಡಿಯುತ್ತದೆ, ಅಲಾಯ್ ಬಾಳುತ್ತದೆ. ಒಳ್ಳೆಯ ಕ್ರೋಮೋಲಿ ಸ್ಟೀಲಿಗೆ ಅದರದೇ ಸುಖವಿದೆ, ಊರಿನ ವೆಲ್ಡರ್ ಕೂಡ ರಿಪೇರಿ ಮಾಡಬಲ್ಲ. ಆದರೆ 30 ಸಾವಿರದೊಳಗೆ ಬರುವ ಬರೀ ಹೈ ಟೆನ್ ಸ್ಟೀಲು ಭಾರ. ಕಡಿಮೆ ಬೆಲೆಗೆ ಕಾರ್ಬನ್ ಫ್ರೇಮು ಎಂದು ಯಾರಾದರೂ ತೋರಿಸಿದರೆ ದೂರ ಇರಿ. ಉಳಿದ ಸಾಮಾನಿನಲ್ಲಿ ಎಲ್ಲೋ ಕೈ ಬಿಗಿ ಹಿಡಿದಿರುತ್ತಾರೆ.

ಟೂರ್ನಿ, ಕ್ಲಾರಿಸ್, ಸೋರಾ, ಟಿಯಾಗ್ರಾ... ತಲೆ ಕೆಡುತ್ತೆ. ಯಾವುದು ಸಾಕು?

ಇವೆಲ್ಲ ಶಿಮಾನೋ ಕಂಪನಿಯ ಗೇರ್ ಸೆಟ್ಟಿನ ಮೆಟ್ಟಿಲುಗಳು. ಹಿಂದಿನ ಚಕ್ರದಲ್ಲಿ ಟೂರ್ನಿಗೆ 7 ಗೇರು, ಕ್ಲಾರಿಸ್‌ಗೆ 8, ಸೋರಾಗೆ 9, ಟಿಯಾಗ್ರಾಗೆ 10. ಅದರ ಮೇಲಿನದು 105, ಅದು 11 ಮತ್ತು 12ರಲ್ಲಿ ಬಂದಿದೆ.

ನನ್ನ ಉತ್ತರ: ಕ್ಲಾರಿಸ್ ಸಾಕು, ಸೋರಾ ಸಿಕ್ಕರೆ ಸಂತೋಷ. ಕ್ಲಾರಿಸ್‌ನಿಂದ ಮೇಲೆ ಬ್ರೇಕ್ ಹಿಡಿಯಲ್ಲೇ ಗೇರು ಬದಲಾಗುತ್ತದೆ, ಕೈ ಎತ್ತಬೇಕಿಲ್ಲ, ಕೆಳಗಿನ ಬಾಗು ಹಿಡಿದಿದ್ದರೂ ನಡೆಯುತ್ತದೆ. ಟೂರ್ನಿಯ ಕೆಲವು ಹಿಡಿಗಳಲ್ಲಿ ಗೇರಿನ ಒಂದು ಗುಂಡಿ ಹೆಬ್ಬೆರಳಿಗೆ ಮಾತ್ರ ಸಿಗುತ್ತದೆ. ಕೆಳಗೆ ಹಿಡಿದಾಗ ಅದು ಎಟುಕುವುದಿಲ್ಲ. ಇಳಿಜಾರಿನಲ್ಲಿ ಇದು ಕಿರಿಕಿರಿ.

ಇನ್ನೊಂದು ವ್ಯತ್ಯಾಸ ಕಣ್ಣಿಗೆ ಕಾಣುವುದಿಲ್ಲ, ಅದೇ ಮುಖ್ಯ. 7 ಗೇರಿನ ಕಡಿಮೆ ಬೆಲೆಯ ಸೈಕಲ್‌ಗಳಲ್ಲಿ ಹಿಂದಿನ ಹಬ್ಬಿಗೆ (ಚಕ್ರದ ನಡುಭಾಗ) ಫ್ರೀವೀಲನ್ನು, ಅಂದರೆ ಹಲ್ಲುಚಕ್ರಗಳ ಗೊಂಚಲನ್ನು, ತಿರುಪಿ ಕೂರಿಸಿರುತ್ತಾರೆ. ಬಲಗಡೆಯ ಬೇರಿಂಗು ಒಳಗೆ ಉಳಿದು, ಅಚ್ಚಿನ ತುದಿ ಆಸರೆಯಿಲ್ಲದೆ ಉದ್ದಕ್ಕೆ ಚಾಚಿರುತ್ತದೆ. ಗುಂಡಿಯ ಪೆಟ್ಟು ತಿಂದು ತಿಂದು ಅದು ಬಾಗುತ್ತದೆ, ಕೆಲವೊಮ್ಮೆ ಮುರಿಯುತ್ತದೆ. ಫ್ರೀಹಬ್ ಮತ್ತು ಅದರ ಮೇಲೆ ಕೂರುವ ಹಲ್ಲುಚಕ್ರಗಳ ಕ್ಯಾಸೆಟ್ ಇರುವ ಚಕ್ರದಲ್ಲಿ ಬೇರಿಂಗು ಅಂಚಿನ ಹತ್ತಿರ ಇರುತ್ತದೆ, ಅಚ್ಚು ಗಟ್ಟಿ. "ಹಿಂದೆ ಫ್ರೀವೀಲಾ, ಕ್ಯಾಸೆಟ್ಟಾ?" ಎಂದು ಕೇಳಿ. ಕ್ಯಾಸೆಟ್ ಎನ್ನುವ ಉತ್ತರಕ್ಕೆ ಎರಡು ಮೂರು ಸಾವಿರ ಜಾಸ್ತಿ ಕೊಡಬಹುದು.

ಕ್ಲಾರಿಸ್‌ನ ಚೈನು, ಕ್ಯಾಸೆಟ್ಟು ಅಗ್ಗ. ಹುಬ್ಬಳ್ಳಿ, ದಾವಣಗೆರೆ, ಶಿವಮೊಗ್ಗದಂಥ ಊರಿನಲ್ಲಿ ಇರುವವರು ಇದನ್ನೂ ಲೆಕ್ಕಕ್ಕೆ ಹಿಡಿಯಿರಿ. 12 ಗೇರಿನ ಒಂದು ಬಿಡಿಭಾಗಕ್ಕೆ ವಾರ ಕಾಯುವುದು ಬೇಸರದ ಕೆಲಸ.

ಗೇರ್ ಜಾಸ್ತಿ ಇದ್ರೆ ಬೆಟ್ಟ ಹತ್ತೋದು ಸುಲಭ ಅಲ್ವಾ?

ಎಣಿಕೆಯಿಂದ ಏರು ಸುಲಭವಾಗುವುದಿಲ್ಲ, ಹಲ್ಲಿನಿಂದ ಆಗುತ್ತದೆ. ಮುಂದಿನ, ಪೆಡಲ್ ಪಕ್ಕದ ಹಲ್ಲುಚಕ್ರಗಳಲ್ಲಿ ಚಿಕ್ಕ ಚೈನ್‌ರಿಂಗಿನ ಹಲ್ಲಿನ ಎಣಿಕೆಯನ್ನು ಹಿಂದಿನ ಅತಿ ದೊಡ್ಡ ಹಲ್ಲುಚಕ್ರದ ಎಣಿಕೆಯಿಂದ ಭಾಗಿಸಿ. ಉತ್ತರ ಚಿಕ್ಕದಿದ್ದಷ್ಟೂ ಏರು ಹಗುರ.

ಮುಂದೆ 34, ಹಿಂದೆ 28 ಇದ್ದರೆ 1.21. ಪೆಡಲ್ ಒಂದು ಸುತ್ತು ಬಂದರೆ ಚಕ್ರ 1.21 ಸುತ್ತು. ನಿಮಿಷಕ್ಕೆ 60 ಸಲ ತುಳಿದರೆ ವೇಗ ಗಂಟೆಗೆ 9.2 ಕಿಲೋಮೀಟರ್. ಹಿಂದೆ 34 ಇದ್ದರೆ ಭಾಗಲಬ್ಧ 1, ಅದೇ ಲಯಕ್ಕೆ ವೇಗ 7.6. ನಂದಿ ಬೆಟ್ಟದ ಎತ್ತರ 1,478 ಮೀಟರ್. ಅದರ ಕೊನೆಯ ತಿರುವುಗಳಲ್ಲಿ ಹೊಸಬರಿಗೆ ಗಂಟೆಗೆ ಏಳೆಂಟು ಕಿಲೋಮೀಟರ್ ಆದರೇ ಹೆಚ್ಚು. 28ರ ಕ್ಯಾಸೆಟ್ ಇದ್ದವರು ಅಲ್ಲಿ 50ರ ಲಯಕ್ಕೆ ಇಳಿದು, ಮಂಡಿಯ ಮೇಲೆ ಭಾರ ಹಾಕಿ, ಕೊನೆಗೆ ಇಳಿದು ತಳ್ಳುತ್ತಾರೆ. 34 ಇದ್ದವರು ಅದೇ ಕಾಲಿನಲ್ಲಿ ಕೂತೇ ಹತ್ತುತ್ತಾರೆ. ಚಾಮುಂಡಿಗೂ ಇದೇ ಮಾತು. ಹಾಗಾಗಿ ಮುಂದೆ 50-34, ಹಿಂದೆ 11-32 ಅಥವಾ 11-34 ಕೇಳಿ (ಇವು ದೊಡ್ಡ, ಚಿಕ್ಕ ಹಲ್ಲುಚಕ್ರಗಳ ಹಲ್ಲಿನ ಎಣಿಕೆ). 11-28 ಬಂದಿದ್ದರೆ ಕೊಳ್ಳುವಾಗಲೇ ಬದಲಿಸಿಕೊಡಿ ಎನ್ನಿ. ಹಿಂದಿನ ಡಿರೇಲರ್ (ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಭಾಗ) ಅಷ್ಟು ದೊಡ್ಡದನ್ನು ಹೊರುತ್ತದೆಯೇ ಎಂದು ಮೆಕ್ಯಾನಿಕ್ ನೋಡಿ ಹೇಳಲಿ. ಕೊಡಗು, ಚಿಕ್ಕಮಗಳೂರಿನವರಿಗೆ ಇದರಲ್ಲಿ ರಾಜಿ ಬೇಡ.

ಡಿಸ್ಕ್ ಬ್ರೇಕ್ ಬೇಕೇ ಬೇಕಾ?

ನೀವು ಎಲ್ಲಿ ತುಳಿಯುತ್ತೀರಿ? ಮೈಸೂರು, ಮಂಡ್ಯ, ತುಮಕೂರಿನ ಸಮತಟ್ಟು ರಸ್ತೆಯಾದರೆ ರಿಮ್ಮನ್ನೇ ಒತ್ತಿ ಹಿಡಿಯುವ ಒಳ್ಳೆಯ ರಿಮ್ ಬ್ರೇಕ್ ಸಾಕು. ಹಗುರ, ಅಗ್ಗ, ಯಾರು ಬೇಕಾದರೂ ಸರಿ ಮಾಡಬಹುದು. ಆಗುಂಬೆಯನ್ನು ಜುಲೈ ಮಳೆಯಲ್ಲಿ ಇಳಿಯುವವರಾದರೆ ಡಿಸ್ಕ್ ಇರುವ ಸೈಕಲ್ಲನ್ನೇ ತೆಗೆದುಕೊಳ್ಳಿ. ಒದ್ದೆ ರಿಮ್ಮು ಮೊದಲ ಒಂದೆರಡು ಸುತ್ತು ಹಿಡಿಯುವುದೇ ಇಲ್ಲ. ಹೇರ್‌ಪಿನ್ ತಿರುವಿನಲ್ಲಿ ಎದುರಿನಿಂದ ಬಸ್ ಬಂದಾಗ ಆ ಎರಡು ಸುತ್ತು ದೊಡ್ಡದು. ಕೇಬಲ್ ಡಿಸ್ಕ್ ಸಾಕು, ಎಣ್ಣೆಯ ಒತ್ತಡದಿಂದ ಹಿಡಿಯುವ ಹೈಡ್ರಾಲಿಕ್ ಈ ಬೆಲೆಯಲ್ಲಿ ಬಂದರೆ ಬೋನಸ್.

## ಅಂಗಡಿಯಲ್ಲಿ

ಆನ್‌ಲೈನ್‌ನಲ್ಲಿ ಆರು ಸಾವಿರ ಕಡಿಮೆ ಇದೆ. ತರಿಸಿಕೊಳ್ಳಲಾ?

ನಿಮ್ಮ ಸೈಜು ಪಕ್ಕಾ ಗೊತ್ತಿದ್ದು, ಜೋಡಿಸಲು ಬಲ್ಲ ಮೆಕ್ಯಾನಿಕ್ ಹತ್ತಿರ ಇದ್ದರೆ ತರಿಸಿ. ಮೊದಲ ಸೈಕಲ್ಲಿಗೆ ನಾನು ಅಂಗಡಿಯನ್ನೇ ಹೇಳುತ್ತೇನೆ. ತಿಂಗಳೊಳಗೆ ಕೇಬಲ್ ಸಡಿಲವಾಗಿ ಗೇರು ತಪ್ಪುತ್ತದೆ, ಆಗ ಉಚಿತ ಸರ್ವೀಸು ಬೇಕಾಗುತ್ತದೆ.

ಟೆಸ್ಟ್ ರೈಡ್‌ನಲ್ಲಿ ಏನು ನೋಡಬೇಕು?

ಕನಿಷ್ಠ ಹದಿನೈದು ನಿಮಿಷ ಕೇಳಿ. ಸೀಟು ನಿಮ್ಮ ಎತ್ತರಕ್ಕೆ ಇಟ್ಟ ಮೇಲೆಯೇ ಹೊರಡಿ. ಬ್ರೇಕ್ ಹಿಡಿಯ ಮೇಲೆ ಕೈ ಇಟ್ಟಾಗ ಮೊಣಕೈ ಸ್ವಲ್ಪ ಬಾಗಿರಬೇಕು. ಕೈ ಕೋಲಿನ ಹಾಗೆ ನೆಟ್ಟಗಾದರೆ ಆ ಸೈಕಲ್ ಉದ್ದ. ಎಲ್ಲ ಗೇರನ್ನೂ ಒಮ್ಮೆ ಬದಲಿಸಿ. ಒಂದು ಹಂಪು ದಾಟಿ, ಒಂದು ಸಣ್ಣ ಏರು ಹತ್ತಿ. ಟೆಸ್ಟ್ ರೈಡ್ ಇಲ್ಲ ಎನ್ನುವ ಕಡೆ ಇಷ್ಟು ದುಡ್ಡು ಕೊಡಬೇಡಿ.

ಸೆಕೆಂಡ್ ಹ್ಯಾಂಡ್ ತಗೊಂಡ್ರೆ ಮೋಸ ಹೋಗ್ತೀನಾ?

ನೋಡಿ ಕೊಂಡರೆ ಇಷ್ಟು ಲಾಭದ ವ್ಯಾಪಾರ ಬೇರೆ ಇಲ್ಲ. ಹುರುಪಿನಲ್ಲಿ ಕೊಂಡು ನಾಲ್ಕು ಸಲ ತುಳಿದು ಬಾಲ್ಕನಿಯಲ್ಲಿ ನಿಲ್ಲಿಸಿದ ಸೈಕಲ್‌ಗಳು ಬೆಂಗಳೂರಿನ ತುಂಬ ಇವೆ.

ಹಗಲು ಹೊತ್ತಿನಲ್ಲೇ ಹೋಗಿ. ಮೂಲ ಬಿಲ್ ಕೇಳಿ, ಕ್ರ್ಯಾಂಕ್ ಅಚ್ಚಿನ ಕೆಳಗೆ ಫ್ರೇಮಿನಲ್ಲಿ ಕೊರೆದ ಸೀರಿಯಲ್ ನಂಬರ್ ಅದಕ್ಕೆ ಹೊಂದುತ್ತದೆಯೇ ನೋಡಿ. ಬಿಲ್ ಇಲ್ಲದಿದ್ದರೆ ಕದ್ದದ್ದೂ ಇರಬಹುದು, ಬಿಟ್ಟುಬಿಡಿ. ಆಮೇಲೆ ಬಟ್ಟೆಯಿಂದ ಫ್ರೇಮು ಒರೆಸಿ, ಬೆಸುಗೆಗಳ ಸುತ್ತ, ಮುಖ್ಯವಾಗಿ ಹ್ಯಾಂಡಲ್ ಕೆಳಗಿನ ಕೊಳವೆಯ ಹತ್ತಿರ, ಕೂದಲೆಳೆಯ ಬಿರುಕು ಹುಡುಕಿ. ಬಣ್ಣ ಉಬ್ಬಿದ್ದರೆ, ಸುಕ್ಕಾಗಿದ್ದರೆ ಎಲ್ಲಿಗೋ ಗುದ್ದಿಸಿದ್ದಾರೆ ಎಂದರ್ಥ. ಸೀಟಿನ ಕೋಲು ಮೇಲೆ ಕೆಳಗೆ ಜಾರುತ್ತದೆಯೇ ನೋಡಿ. ಬೆವರು, ಮಳೆ ಇಳಿದು ಅದು ಒಳಗೇ ಕಚ್ಚಿಕೊಂಡಿದ್ದರೆ ಬಿಡಿಸುವುದು ದೊಡ್ಡ ರಗಳೆ. ಚಕ್ರ ತಿರುಗಿಸಿ ಬೆಂಡು ನೋಡಿ. ಕ್ರ್ಯಾಂಕನ್ನು ಹಿಡಿದು ಅಡ್ಡಕ್ಕೆ ಅಲ್ಲಾಡಿಸಿ, ಸಡಿಲ ಇರಬಾರದು.

ಚೈನಿಗೆ ಒಂದು ಅಡಿ ಉದ್ದದ ಸ್ಟೀಲ್ ಸ್ಕೇಲ್ ಒಯ್ಯಿರಿ. ಒಂದು ಪಿನ್ನಿನ ನಡುವಿಗೆ ಸೊನ್ನೆ ಇಟ್ಟರೆ ಹೊಸ ಚೈನಿನಲ್ಲಿ 12ನೇ ಇಂಚಿಗೂ ಸರಿಯಾಗಿ ಒಂದು ಪಿನ್ನಿನ ನಡು ಬರುತ್ತದೆ. ಇಂಚಿನ ಹದಿನಾರನೇ ಒಂದು ಭಾಗ ಮುಂದೆ ಹೋಗಿದ್ದರೆ ಚೈನು ಬದಲಿಸಬೇಕು. ಎಂಟನೇ ಒಂದು ಭಾಗ ಹೋಗಿದ್ದರೆ ಕ್ಯಾಸೆಟ್ಟೂ ಸವೆದಿದೆ. ಆ ಖರ್ಚನ್ನು ಬೆಲೆಯಲ್ಲಿ ಇಳಿಸಿಕೊಡಲು ಕೇಳಿ.

## ಮನೆಗೆ ತಂದ ಮೇಲೆ

ನಮ್ಮೂರ ಪಂಕ್ಚರ್ ಅಂಗಡಿಯವ್ರು ಈ ವಾಲ್ವ್‌ಗೆ ಗಾಳಿ ಹೊಡೆಯೋಕೆ ಆಗಲ್ಲ ಅಂತಾರೆ. ಏನು ಮಾಡಲಿ?

ಅದು ಪ್ರೆಸ್ಟಾ ವಾಲ್ವ್. ತೆಳ್ಳಗೆ, ತುದಿಯಲ್ಲಿ ಸಣ್ಣ ತಿರುಪು ಇರುತ್ತದೆ. ಅದನ್ನು ಸಡಿಲಿಸಿ ಒಮ್ಮೆ ಒತ್ತಿ, ಆಮೇಲೆ ಗಾಳಿ ಹೊಡೆಯಬೇಕು. ಬೆರಳ ತುದಿಯಷ್ಟಿರುವ ಹಿತ್ತಾಳೆ ಅಡಾಪ್ಟರ್ ಕೆಲವೇ ರೂಪಾಯಿಗೆ ಸಿಗುತ್ತದೆ. ಅದನ್ನು ತಿರುಪಿದರೆ ಸ್ಕೂಟರಿಗೆ ಹೊಡೆಯುವ ಪಂಪೇ ಹೊಂದುತ್ತದೆ. ಎರಡು ಕೊಂಡು ಒಂದನ್ನು ಚೀಲದಲ್ಲೇ ಇಡಿ. ಏರ್ ಕಂಪ್ರೆಸರ್ ಆದರೆ ಸ್ವಲ್ಪ ಸ್ವಲ್ಪವೇ ಬಿಡಲು ಹೇಳಿ, ಟಯರ್ ಚಿಕ್ಕದು, ಕ್ಷಣದಲ್ಲಿ ತುಂಬುತ್ತದೆ. ದಪ್ಪ ವಾಲ್ವ್ ಹಾಕಲು ರಿಮ್ಮಿನ ತೂತು ದೊಡ್ಡದು ಮಾಡಿಸಬೇಡಿ.

ಇಪ್ಪತ್ತು ಕಿಲೋಮೀಟರಿಗೇ ಕೈ ಜೋಮು, ಕೂರೋ ಜಾಗ ನೋವು. ಅಭ್ಯಾಸ ಆಗುತ್ತಾ?

ಕೂರುವ ಮೂಳೆಯ ನೋವು ಎರಡು ಮೂರು ವಾರದಲ್ಲಿ ಕಡಿಮೆಯಾಗುತ್ತದೆ. ಜೋಮು ಹಾಗಲ್ಲ, ಅದನ್ನು ತಡೆದುಕೊಳ್ಳಬೇಡಿ. ಸೀಟಿನ ಮೂತಿ ಕೆಳಕ್ಕೆ ಬಾಗಿದ್ದರೆ ಮೈ ಮುಂದಕ್ಕೆ ಜಾರಿ ಭಾರವೆಲ್ಲ ಕೈಗೆ ಬೀಳುತ್ತದೆ. ಸಮತಟ್ಟು ಮಾಡಿ. ಆಮೇಲೂ ಇದ್ದರೆ ಸ್ಟೆಮ್ 10 ಅಥವಾ 20 ಮಿಲಿಮೀಟರ್ ಚಿಕ್ಕದು ಹಾಕಿಸಿ. ಐದು ನಿಮಿಷಕ್ಕೊಮ್ಮೆ ಕೈಯ ಜಾಗ ಬದಲಿಸಿ. ಪ್ಯಾಡ್ ಚಡ್ಡಿಯ ಒಳಗೆ ಬೇರೆ ಒಳಉಡುಪು ಬೇಡ, ಹೊಲಿಗೆ ಉಜ್ಜಿ ಗಾಯವಾಗುತ್ತದೆ. ಮೆತ್ತನೆಯ ದಪ್ಪ ಸೀಟ್ ಕವರ್ ಹಾಕಿದರೆ ದೂರದ ಸವಾರಿಯಲ್ಲಿ ನೋವು ಜಾಸ್ತಿಯೇ ಆಗುತ್ತದೆ.

ಚೈನಿಗೆ ತೆಂಗಿನೆಣ್ಣೆ ಹಾಕಬಹುದಾ?

ಬೇಡ. ಅದು ಅಂಟಾಗಿ ಧೂಳು ಹಿಡಿಯುತ್ತದೆ. ಇಂಜಿನ್ ಆಯಿಲೂ ಬೇಡ. ಸೈಕಲ್ ಚೈನಿನ ಎಣ್ಣೆಯ ಸಣ್ಣ ಬಾಟಲಿ ತನ್ನಿ. ಚೈನು ಒರೆಸಿ, ಒಂದೊಂದು ಕೊಂಡಿಗೆ ಒಂದೊಂದು ಹನಿ, ಹತ್ತು ನಿಮಿಷ ಬಿಟ್ಟು ಹೊರಗಿನದನ್ನು ಪೂರ್ತಿ ಒರೆಸಿ. ಮಳೆಯಲ್ಲಿ ನೆಂದ ದಿನ ಎಷ್ಟೇ ಸುಸ್ತಾಗಿದ್ದರೂ ಇದನ್ನು ಮಾಡಿಯೇ ಮಲಗಿ.

ಶೂ ಲಾಕ್ ಆಗೋ ಪೆಡಲ್ ಈಗಲೇ ಹಾಕಿಸಲಾ?

ಮೂರು ತಿಂಗಳು ಸಾದಾ ಪೆಡಲ್ ಸಾಕು. ಆಮೇಲೆ ಶೂ ತಳದ ಕೊಕ್ಕೆಗೆ ಎರಡು ಸ್ಕ್ರೂ ಇರುವ ಎಸ್‌ಪಿಡಿ ಹಾಕಿ. ಆ ಶೂ ಹಾಕಿಕೊಂಡು ಹೋಟೆಲ್ಲಿಗೆ ನಡೆದು ಹೋಗಿ ಇಡ್ಲಿ ತಿನ್ನಬಹುದು. ಮೂರು ಸ್ಕ್ರೂ ಇರುವ ರೇಸ್ ಶೂ ನಡೆಯುವಾಗ ಜಾರುತ್ತದೆ.

## ದೂರ ಹೋಗುವವರಿಗೆ

ಬಿಆರ್‌ಎಂ 200 ಕಿಲೋಮೀಟರ್ ಇದೇ ಸೈಕಲ್ಲಲ್ಲಿ ಆಗುತ್ತಾ?

ಆರಾಮಾಗಿ. ಬಿಆರ್‌ಎಂ ಎಂದರೆ ಗೊತ್ತಾದ ದೂರವನ್ನು ಗೊತ್ತಾದ ಸಮಯದೊಳಗೆ ಮುಗಿಸುವ ಸವಾರಿ. 200 ಕಿಲೋಮೀಟರಿಗೆ ಹದಿಮೂರೂವರೆ ಗಂಟೆ ಸಮಯ ಇರುತ್ತದೆ. ನಿಲ್ಲುವುದೂ ಸೇರಿ ಗಂಟೆಗೆ 15 ಕಿಲೋಮೀಟರ್ ಸರಾಸರಿ ಇದ್ದರೆ ಮುಗಿಯುತ್ತದೆ. ಇದು ರೇಸ್ ಅಲ್ಲ, ಮೊದಲು ಬಂದವರಿಗೆ ಬಹುಮಾನ ಇಲ್ಲ. 300ಕ್ಕೆ 20 ಗಂಟೆ, 400ಕ್ಕೆ 27, 600ಕ್ಕೆ 40. ಕ್ಲಾರಿಸ್ ಸೈಕಲ್ಲಿನಲ್ಲೇ 600 ಮುಗಿಸಿದವರು ನನ್ನ ಗೆಳೆಯರಲ್ಲಿದ್ದಾರೆ. ಇದೇ ದಾರಿಯಲ್ಲಿ ಮುಂದೆ ಹೋದರೆ ನಾಲ್ಕು ವರ್ಷಕ್ಕೊಮ್ಮೆ ಫ್ರಾನ್ಸಿನಲ್ಲಿ ನಡೆಯುವ 1,200 ಕಿಲೋಮೀಟರಿನ ಪ್ಯಾರಿಸ್-ಬ್ರೆಸ್ಟ್-ಪ್ಯಾರಿಸ್ ಇದೆ. ಕಳೆದ ಸಲ ನಡೆದದ್ದು 2023ರಲ್ಲಿ.

200ಕ್ಕೆ ಮುಂಚೆ ಒಂದೆರಡು ಸಲ 100, ಒಮ್ಮೆ 130 ತುಳಿದಿರಿ. ಲೈಟು, ಹೊಳೆಯುವ ಜಾಕೆಟ್, ಎರಡು ಟ್ಯೂಬು ಬೇಕು. ಬಾಯಾರುವ ಮುಂಚೆ ನೀರು, ಹಸಿವಾಗುವ ಮುಂಚೆ ಬಾಳೆಹಣ್ಣು, ಚಿಕ್ಕಿ.

ಒಂದು ಎಚ್ಚರಿಕೆ. ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಯಲ್ಲಿ 2023ರ ಆಗಸ್ಟ್ 1ರಿಂದ ಸೈಕಲ್, ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ. ಸರ್ವೀಸ್ ರಸ್ತೆಯಲ್ಲೇ ಹೋಗಬೇಕು.

ಒಂದು ವರ್ಷ ಆಯ್ತು. ಮೊದಲು ಏನು ಅಪ್‌ಗ್ರೇಡ್ ಮಾಡಲಿ?

ಟಯರು. ಕಂಪನಿ ಕೊಟ್ಟ ಗಟ್ಟಿ ಟಯರ್ ತೆಗೆದು ಮೆದು ರಬ್ಬರಿನ, ಮಡಚಬಹುದಾದ ಒಳ್ಳೆಯ ಜೋಡಿ ಹಾಕಿದರೆ ಸೈಕಲ್ಲೇ ಬದಲಾದ ಹಾಗೆ ಅನಿಸುತ್ತದೆ. ನಾಲ್ಕೈದು ಸಾವಿರದಲ್ಲಿ ಇಷ್ಟು ವ್ಯತ್ಯಾಸ ಬೇರೆ ಯಾವುದರಲ್ಲೂ ಸಿಗದು. ಅದಾದ ಮೇಲೆ ಸೀಟು, ರಿಮ್ ಬ್ರೇಕ್ ಆದರೆ ಒಳ್ಳೆಯ ಬ್ರೇಕ್ ಪ್ಯಾಡು. ಆಮೇಲೆ ಹಗುರ ಚಕ್ರ. ಗೇರ್ ಸೆಟ್ ಬದಲಿಸಲು ಹೋಗಬೇಡಿ, ಅದರ ಖರ್ಚಿಗೆ ಇನ್ನಷ್ಟು ಸೇರಿಸಿದರೆ ಮೇಲಿನ ದರ್ಜೆಯ ಹಳೆಯ ಸೈಕಲ್ಲೇ ಬರುತ್ತದೆ.

ಹಳೆ ಟಯರ್ ಎಸೆಯುವ ಮುಂಚೆ ಅದರಿಂದ ಎರಡು ಇಂಚಿನ ತುಂಡು ಕತ್ತರಿಸಿ ಸೀಟಿನ ಕೆಳಗಿನ ಚೀಲದಲ್ಲಿ ಇಟ್ಟುಕೊಳ್ಳಿ. ದಾರಿಯಲ್ಲಿ ಗಾಜಿಗೆ ಸಿಕ್ಕಿ ಟಯರ್ ಹರಿದರೆ ಟ್ಯೂಬಿಗೂ ಟಯರಿಗೂ ನಡುವೆ ಅದನ್ನು ಇಟ್ಟು, ಗಾಳಿ ಸ್ವಲ್ಪ ಕಡಿಮೆ ಹೊಡೆದು ಮನೆ ಸೇರಬಹುದು.